ನಡುಗೋಡೆಯ ಎರಡು ಬಡಿತ

ಆ ನವೆಂಬರ್ ಶನಿವಾರ ನಮ್ಮ ಅಡುಗೆಮನೆಯಲ್ಲಿ ನಾಲ್ವರಿದ್ದೆವು. ನಾನು, ನಮ್ಮ ಮನೆಯವರು, ಶಾಲು ಹೊದ್ದು ಕೂತಿದ್ದ ನಮ್ಮತ್ತೆ, ಮತ್ತೆ ಅಳತೆ ಟೇಪು ಹಿಡಿದ ಪಂಜಾಬಿ ಬಿಲ್ಡರ್ ಬಲ್ಬೀರ್. ಮ್ಯಾಂಚೆಸ್ಟರಿನ ವಿದನ್‌ಶಾದಲ್ಲಿ ಆ ತಿಂಗಳು ನಾಲ್ಕು ಗಂಟೆಗೇ ದೀಪ ಹಚ್ಚಬೇಕು. ಬಲ್ಬೀರ್ ಬೆರಳ ಗೆಣ್ಣಿನಿಂದ ಗೋಡೆಯನ್ನು ಎರಡು ಸಲ ತಟ್ಟಿ ನೋಡಿದ. ಆಚೆಯಿಂದ ಗೋಡೆ ಎರಡು ಸಲ ತಟ್ಟಿತು.

"ಹೀಟಿಂಗ್ ಪೈಪು," ಎಂದರು ನಮ್ಮ ಮನೆಯವರು.

"ಪೈಪಲ್ಲಪ್ಪ. ದಿನಾ ಇದೇ ಹೊತ್ತಿಗೆ ಬರ್ತೈತಿ. ಎರಡೇ ಸಲ. ಮೂರನೇದು ಬರಲ್ಲ," ಎಂದರು ಅತ್ತೆ.

"ಮತ್ತೆ ನಮಗ್ಯಾಕೆ ಹೇಳಲಿಲ್ಲಮ್ಮ?"

"ಹೇಳಿದ್ರೆ ಡಾಕ್ಟರ್ ಮಗ ಮಾತ್ರೆ ಕೊಡ್ತಿದ್ದ!"

ದಾವಣಗೆರೆಯಲ್ಲಿ ನಮ್ಮ ಹಿರಿಯರು ಕಲಿಸಿದ ನೇಮವೊಂದಿದೆ. ಮುಸ್ಸಂಜೆಯಲ್ಲಿ ಯಾರೇ ಕೂಗಲಿ, ಕದ ಬಡಿಯಲಿ, ಮೂರನೆಯ ಸಲದ ತನಕ ಓಗೊಡಬಾರದು. ಬರಬಾರದ್ದು ಮೂರು ಸಲ ಕೂಗುವುದಿಲ್ಲವಂತೆ. ಅತ್ತೆ ಅದನ್ನು ಚಟ್ನಿಪುಡಿಯ ಜತೆಗೇ ಇಲ್ಲಿಗೆ ತಂದಿದ್ದರು. ಕೈಗಡಿಯಾರವನ್ನಂತೂ ಅವರು ಊರಿನ ಹೊತ್ತಿನಿಂದ ಕದಲಿಸಿರಲೇ ಇಲ್ಲ.

ಬಲ್ಬೀರನನ್ನು ಕರೆಸಿದ್ದು ಅತ್ತೆಯ ಮಂಡಿಗಾಗಿ. ಇಲ್ಲಿಯ ಮನೆಗಳಲ್ಲಿ ಬಚ್ಚಲು ಮಹಡಿಯ ಮೇಲೆ. ಅವರು ಮೆಟ್ಟಿಲ ಮೇಲೆ ಕೂತು, ಒಂದೊಂದೇ ಜಾರಿಕೊಂಡು ಇಳಿಯುತ್ತಿದ್ದರು. ಮತ್ತೆ ಹತ್ತಬೇಕಾದೀತೆಂದು ಮಧ್ಯಾಹ್ನದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದು ನನಗೆ ತಡವಾಗಿ ಗೊತ್ತಾಯಿತು. ಅಡುಗೆಮನೆಯ ಹಿಂದೆ ಒಂದು ಪುಟ್ಟ ಕೋಣೆ, ಬಚ್ಚಲು ಕಟ್ಟಿಸಿದರೆ ಸಾಕಿತ್ತು.

"ಇಷ್ಟು ಚಿಕ್ಕದಕ್ಕೆ ಕೌನ್ಸಿಲ್ ಪರವಾನಗಿ ಬೇಡವಂತೆ," ಎಂದರು ಇವರು.

"ಕೌನ್ಸಿಲ್ ಬೇರೆ, ಪಾರ್ಟಿ ವಾಲ್ ಬೇರೆ, ಡಾಕ್ಟರ್ ಸಾಬ್," ಎಂದ ಬಲ್ಬೀರ್.

ನಮ್ಮದು ಸೆಮಿ, ಅಂದರೆ ಒಂದೇ ಗೋಡೆಗೆ ಅಂಟಿಕೊಂಡ ಎರಡು ಮನೆಗಳಲ್ಲಿ ಒಂದು. ನಡುವಿನ ಆ ಗೋಡೆ ಇಬ್ಬರಿಗೂ ಸೇರಿದ್ದು, ಅದೇ ಪಾರ್ಟಿ ವಾಲ್. ಕೋಣೆ ಎಷ್ಟೇ ಪುಟ್ಟದಿರಲಿ, ಆ ಗೋಡೆ ಕೊರೆದು ತೊಲೆ ಕೂರಿಸುವುದಾದರೆ, ಪಕ್ಕದ ಮನೆಯ ಹತ್ತಿರದಲ್ಲೇ ಅವರ ಪಾಯಕ್ಕಿಂತ ಆಳಕ್ಕೆ ಅಗೆಯುವುದಾದರೆ, ತಿಂಗಳುಗಳ ಮೊದಲೇ ನೋಟಿಸ್ ಕೊಡಬೇಕು. ನಮಗೆ ಎರಡೂ ಬೇಕಿತ್ತು. ಊರಲ್ಲಾದರೆ ಪಕ್ಕದವರ ಜಗಲಿಯಲ್ಲಿ ಒಂದು ಲೋಟ ಕಾಫಿಗೆ ಮುಗಿಯುತ್ತಿದ್ದ ಮಾತು.

ಪಕ್ಕದ ಮನೆಯಲ್ಲಿ ಎಂಬತ್ತು ದಾಟಿದ ಡೊರೊಥಿ ಒಬ್ಬರೇ ಇದ್ದರು. ಒಂದೂವರೆ ವರ್ಷದಲ್ಲಿ ನಮ್ಮ ನಡುವೆ ಕಸದ ಬಿನ್ ಇಡುವಾಗಿನ ಗುಡ್ ಮಾರ್ನಿಂಗ್ ಬಿಟ್ಟರೆ ಮಾತಿಲ್ಲ. ನೋಟಿಸನ್ನು ಕೈಗೇ ಕೊಟ್ಟೆವು. ಅವರು ಓದಿದರು, ತಲೆಯಾಡಿಸಿದರು, ಬಾಗಿಲು ಹಾಕಿಕೊಂಡರು.

"ಬೇಡ ಅನ್ನಲಿಲ್ವಲ್ಲ, ಒಪ್ಪಿದ ಹಂಗೇ," ಎಂದರು ಅತ್ತೆ. ನಮಗೂ ಹಾಗೇ ಅನ್ನಿಸಿತು. ನಮ್ಮಲ್ಲಿ ಹಿರಿಯರು ಎದುರಾಡದಿದ್ದರೆ ಲಗ್ನವೇ ನಿಶ್ಚಯವಾಗಿಬಿಡುತ್ತದೆ.

ಹದಿನಾಲ್ಕು ದಿನ ಕಳೆದ ಮೇಲೆ ಬಲ್ಬೀರ್ ಕೇಳಿದ. "ಪಕ್ಕದವರ ಒಪ್ಪಿಗೆ ಸಹಿ ಎಲ್ಲಿ? ಇಲ್ಲಿಯ ಕಾನೂನಲ್ಲಿ ಸುಮ್ಮನಿದ್ದರೆ ತಕರಾರಿದೆ ಅಂತಲೇ ಲೆಕ್ಕ. ಇನ್ನು ಅದನ್ನು ತೀರ್ಮಾನಿಸೋಕೆ ಸರ್ವೇಯರ್‌ಗಳು ಬರಬೇಕು. ಯಾವಾಗ ಮುಗಿಯುತ್ತೋ!"

ಅತ್ತೆ ಕೈಯಲ್ಲಿದ್ದ ನೀರಿನ ಲೋಟವನ್ನು ಕುಡಿಯದೆ ಕೆಳಗಿಟ್ಟರು. ನಾನು ಕೋಟು ಹಾಕಿಕೊಂಡು ಪಕ್ಕದ ಮನೆಯ ಬೆಲ್ ಒತ್ತಿದೆ.

ಡೊರೊಥಿಯ ಅಡುಗೆಮನೆ ನಮ್ಮದನ್ನೇ ಕನ್ನಡಿಯಲ್ಲಿ ನೋಡಿದಂತಿತ್ತು. ನೋಟಿಸು ಗೋಡೆ ಪಕ್ಕದ ಮೇಜಿನ ಮೇಲಿತ್ತು.

"ನಿಮ್ಮ ಮನೆಯಲ್ಲಿ ಮೊದಲು ಜೀನ್ ಇದ್ದಳು, ಲವ್," ಎಂದರು. ಈ ಕಡೆ ಬಸ್ಸಿನ ಡ್ರೈವರ್ ಕೂಡ ಅಪರಿಚಿತರನ್ನು ಲವ್ ಎನ್ನುತ್ತಾನೆ, ನಮ್ಮ 'ಅವ್ವಾ' ಇದ್ದ ಹಾಗೆ. "ಗಂಡಂದಿರು ಹೋದ ಮೇಲೆ, ದಿನಾ ನಾಲ್ಕಕ್ಕೆ ನಾನು ಎರಡು ಸಲ ತಟ್ಟುತ್ತಿದ್ದೆ. ಇದ್ದೀನಿ ಅಂತ. ಅವಳೂ ಎರಡು ಸಲ ತಟ್ಟುತ್ತಿದ್ದಳು. ಅವಳು ತೀರಿಕೊಂಡಳು. ನೀವು ಬಂದಿರಿ. ನಾನು ತಟ್ಟುತ್ತಲೇ ಇದ್ದೆ."

"ನಮಗೆ ಗೊತ್ತಾಗಲಿಲ್ಲ."

"ಒಬ್ಬರು ಗೋಡೆಯ ಹತ್ತಿರ ಬಂದು ನಿಲ್ಲೋದು ಕೇಳಿಸುತ್ತೆ. ಸ್ವಲ್ಪ ಹೊತ್ತು ನಿಂತು, ಹಾಗೇ ವಾಪಸ್ ಹೋಗ್ತಾರೆ. ಒಂದೇ ಒಂದು ಶನಿವಾರ ಆ ಕಡೆಯಿಂದ ಎರಡು ಸಲ ಕೇಳಿಸಿತು, ಮರುದಿನ ಮತ್ತೆ ಇಲ್ಲ. ಉತ್ತರ ಕೊಡದವರಿಗೆ ನಾನೇನು ಉತ್ತರ ಬರೆಯಲಿ?"

ಮುಸ್ಸಂಜೆಯ ನೇಮವನ್ನು ನನಗೆ ತಿಳಿದ ಇಂಗ್ಲಿಷಿನಲ್ಲಿ ಹೇಳಿದೆ. ಡೊರೊಥಿ, "ಅಂದರೆ ನಿನ್ನ ಅತ್ತೆಗೆ ಇಷ್ಟು ದಿನ ನಾನು ದೆವ್ವ!" ಎಂದು ಕೆಮ್ಮು ಬರುವಷ್ಟು ನಕ್ಕರು.

ಮನೆಗೆ ಬಂದು ಅತ್ತೆಗೆ ಎಲ್ಲ ಹೇಳಿದೆ. ಮರುದಿನ ನಾಲ್ಕಕ್ಕೆ ಸದ್ದಾಯಿತು. ಅತ್ತೆ ಮೇಜು ಹಿಡಿದು ಎದ್ದರು. "ಮೂರನೇದು ಬರಲಿ ತಡಿ," ಎಂದು ಅಭ್ಯಾಸಬಲದಿಂದ ನನಗೆ ಅಂದು, ತಮಗೇ ನಗು ಬಂದು, ಬಳೆಗೈಯಲ್ಲಿ ಎರಡು ಸಲ ತಟ್ಟಿದರು.

ಬೆಳಗ್ಗೆ ಬಾಗಿಲ ಸಂದಿನಿಂದ ಸಹಿಯಾದ ಕಾಗದ ಬಿದ್ದಿತ್ತು. ಕೆಳಗೆ ನಡುಗುವ ಅಕ್ಷರದಲ್ಲಿ ಒಂದು ಕೋರಿಕೆ. ತೊಲೆ ಕೂರಿಸಿ, ಆದರೆ ಚಳಿಗೆಂದು ಗೋಡೆಗೆ ಹಲಗೆ ಹೊದಿಸಬೇಡಿ. ಬಲ್ಬೀರ್ ಗೊಣಗಿದ, ಹೊದಿಸಲಿಲ್ಲ. ಬೇಸಿಗೆಯ ಹೊತ್ತಿಗೆ ಕೋಣೆ ಮುಗಿಯಿತು. ಅತ್ತೆ ಸಂಜೆ ಹೊಟ್ಟೆ ತುಂಬ ನೀರು ಕುಡಿಯತೊಡಗಿದರು.

ಎರಡು ವರ್ಷ ಆ ಕೋಣೆಯಲ್ಲಿದ್ದು, ಡಿಸೆಂಬರಿನಲ್ಲಿ ಅವರು ಊರು ನೋಡಲು ಹೋದರು. ರಜೆ ಇದ್ದ ದಿನ ಅವರ ಬದಲು ನಾನು ತಟ್ಟುತ್ತಿದ್ದೆ. ಮೈದುನ ಫೋನು ಮಾಡಿದ: "ಅತ್ತಿಗೆ, ಅಮ್ಮ ದಿನಾ ರಾತ್ರಿ ಒಂಬತ್ತೂವರೆಗೆ ಗೋಡೆ ತಟ್ತಾರೆ. ಯಾಕಮ್ಮ ಅಂದ್ರೆ, ಅಲ್ಲಿ ನಾಲ್ಕಾತು ಅಂತಾರೆ."

ಜನವರಿಯಲ್ಲಿ ಅತ್ತೆ ದಾವಣಗೆರೆಯಲ್ಲೇ ತೀರಿಕೊಂಡರು. ನಾವು ಹೋಗಿ, ಎಲ್ಲ ಮುಗಿಸಿ, ಮೂರು ವಾರದ ನಂತರ ಮರಳಿದೆವು. ಮನೆ ತಣ್ಣಗಿತ್ತು. ಸೂಟ್‌ಕೇಸ್ ಇನ್ನೂ ತೆರೆದಿರಲಿಲ್ಲ, ಡೊರೊಥಿಗೆ ಸುದ್ದಿ ಹೇಳಿರಲಿಲ್ಲ. ನಾಲ್ಕು ಗಂಟೆಗೆ ಗೋಡೆಯಲ್ಲಿ ಎರಡು ಸಲ ಸದ್ದಾಯಿತು. ನಾನು ಅತ್ತೆಯ ಕುರ್ಚಿಯನ್ನು ದಾಟಿ ಹೋಗಿ, ಎರಡು ಸಲ ತಟ್ಟಿದೆ.