ಲಿಂಗಸುಗೂರಿನಲ್ಲಿ ಲಾರಿ ಕಲಿತದ್ದು

ನಮ್ಮ ಲಾರಿ ಮನೆಯ ಮುಂದಿನ ಬೇವಿನ ಮರದ ಕೆಳಗೆ ನಿಂತು ಒಂದು ಸುಗ್ಗಿ ಕಳೆದಿತ್ತು. ಮುಕ್ಕುಂದದಿಂದ ಸಿಂಧನೂರಿನ ರೈಸ್ ಮಿಲ್ಲುಗಳಿಗೆ ಭತ್ತ ಸಾಗಿಸುತ್ತಿದ್ದ ಲಾರಿ ಅದು. ಓಡಿಸುತ್ತಿದ್ದವರು ನನ್ನ ಗಂಡ. ಸಕ್ಕರೆ ಕಾಯಿಲೆಯಿಂದ ಕಣ್ಣಿನ ಪರದೆ ಹಾಳಾಗಿದೆ, ಇನ್ನು ಗಾಡಿ ಮುಟ್ಟಬಾರದು ಎಂದು ಡಾಕ್ಟರು ಹೇಳಿದ ದಿನ ಅವರು ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ನನ್ನ ಮುಖ ನೋಡದೆ ಹೇಳಿದರು:

"ಹ್ವಾದ ವರ್ಷದಿಂದ ಸಂಜಿಮುಂದ ನನಗ ರೋಡ್ ಕಾಣಂಗಿಲ್ಲ. ಮುಂದಿನ ಗಾಡಿ ಕೆಂಪು ಲೈಟ್ ಹಿಡಕೊಂಡು ಹೋಗಾಕತ್ತಿದ್ದೆ."

"ಮುಂದ ಗಾಡಿ ಇಲ್ಲದಾಗ?"

ಅವರು ಔಷಧಿ ಚೀಟಿ ಮಡಚಿ ಜೇಬಿಗಿಟ್ಟು ಎದ್ದರು. ಆ ವರ್ಷ ನಾನೂ ನಮ್ಮತ್ತೆಯೂ ಸಂತೆ ಮುಗಿಸಿಕೊಂಡು ಅದೇ ಲಾರಿಯಲ್ಲಿ ಎಷ್ಟೋ ಸಂಜೆ ಮನೆಗೆ ಬಂದಿದ್ದೆವು. ಅತ್ತೆ ಮಗನ ಪಕ್ಕದಲ್ಲಿ ಕೂತು ವೀಳ್ಯದೆಲೆ ಮಡಚುತ್ತಿದ್ದರು. ನನ್ನ ಗಂಡ ನಗುನಗುತ್ತಾ ಮಾತಾಡುತ್ತಿದ್ದರು.

ಲಾರಿ ಮಾರೋಣವೆಂದು ಭಾವ ಹೇಳಿದರು. ನನ್ನ ಗಂಡ ಮಾತ್ರ, "ಇಕಿ ಟ್ರ್ಯಾಕ್ಟರ್ ಹೊಡಿತಾಳ, ಕೆಸರಗದ್ದ್ಯಾಗ ರೊಳ್ಳಿ ಹೊಡದು ಹದ ಮಾಡ್ತಾಳ. ಲಾರಿ ಯಾಕ ಹೊಡಿಬಾರ್ದು?" ಅಂದರು. ಸಣ್ಣ ಗಾಡಿಯ ಲೈಸೆನ್ಸು ನನ್ನ ಹತ್ತಿರ ಮೊದಲೇ ಇತ್ತು. ದೊಡ್ಡದಕ್ಕೆ ಡ್ರೈವಿಂಗ್ ಶಾಲೆಯಲ್ಲೇ ಕಲಿಯಬೇಕು. ಲಿಂಗಸುಗೂರಿನಲ್ಲಿ ನನ್ನ ತಂಗಿಯ ಮನೆ ಇತ್ತು, ಊರಾಚೆ ಅಂಥದೊಂದು ಶಾಲೆಯೂ ಇತ್ತು. ಅಲ್ಲಿದ್ದುಕೊಂಡು ಕಲಿಯುವುದೆಂದು ತೀರ್ಮಾನವಾಯಿತು. ಹೊರಡುವ ಬೆಳಿಗ್ಗೆ ಅತ್ತೆ ನನಗೆ ಬುತ್ತಿ ಕಟ್ಟಿಕೊಟ್ಟರು, ಆದರೆ ಹೋಗಿ ಬಾ ಅನ್ನಲಿಲ್ಲ.

ಕಟಾವು ಮುಗಿದ ಕಾಲ. ಗದ್ದೆಗಳಲ್ಲಿ ಹುಲ್ಲಿಗೆ ಬೆಂಕಿ ಹಚ್ಚಿದ್ದರು. ಸಿಂಧನೂರು ಮುಟ್ಟುವವರೆಗೂ ಹೊಗೆ ರಸ್ತೆಯ ಮೇಲೇ ಮಲಗಿತ್ತು. ಎದುರಿಗೆ ಬರುವ ಗಾಡಿಗಳು ಮೊದಲು ಸದ್ದಾಗಿ, ಆಮೇಲೆ ಮಬ್ಬು ಬೆಳಕಾಗಿ, ಕೊನೆಗೆ ಒಮ್ಮೆಲೇ ಗಾಡಿಯಾಗಿ ಪಕ್ಕದಲ್ಲಿ ಹಾದುಹೋಗುತ್ತಿದ್ದವು. ಸಿಂಧನೂರಿನಲ್ಲಿ ಬಸ್ಸು ಬದಲಿಸಿದೆ. ಪಕ್ಕದಲ್ಲಿ ಮಸ್ಕಿಗೆ ಹೊರಟಿದ್ದ ಮುದುಕಿಯೊಬ್ಬಳು ಕೂತಳು. ಹಣೆಯ ತುಂಬಾ ವಿಭೂತಿ.

"ದವಾಖಾನಿಗೇನವ್ವಾ?" ಎಂದು ಕೇಳಿದಳು.

"ಅಲ್ಲಬೇ ಯಮ್ಮಾ. ಲಾರಿ ಕಲಿಯಾಕ ಹೊಂಟೀನಿ."

ಮುದುಕಿ ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಕಾಲುವೆಯ ನೀರು ಸಿಗುವ ಗದ್ದೆಗಳು ಮುಗಿದು ಕರಿ ಎರೆಯ ನೆಲ ಶುರುವಾಗುವವರೆಗೂ ಕಿಟಕಿಯಾಚೆ ನೋಡುತ್ತಾ ಕೂತಿದ್ದಳು. ಮಸ್ಕಿ ಇನ್ನೂ ಮುಂದಿರುವಾಗ ಬಸ್ಸು ನಿಧಾನವಾಯಿತು. ರಸ್ತೆಯ ಬದಿಯ ತೊಗರಿ ಹೊಲದಲ್ಲಿ ಒಂದು ಲಾರಿ ಮಗ್ಗುಲಾಗಿ ಬಿದ್ದಿತ್ತು. ಒಡೆದ ಚೀಲಗಳಿಂದ ಭತ್ತ ಸುರಿದು ಹರಡಿತ್ತು. ಜನ ದೂರದಲ್ಲೇ ನಿಂತಿದ್ದರು. ಕ್ಯಾಬಿನ್ನಿನ ಮೇಲೆ ಯಾರೋ ಟಾರ್ಪಾಲು ಹೊದಿಸಿದ್ದರು.

"ನಿದ್ದಿ ಹತ್ತಿರ್ಬೇಕು ನೋಡ್ರಿ," ಅಂದ ಹಿಂದಿನ ಸೀಟಿನವನು. "ಬ್ರೇಕ್ ಹೊಡೆದ ಗುರ್ತಾನ ಇಲ್ಲ ರೋಡಿಗೆ."

ನಾನು ತಿರುಗಿ ರಸ್ತೆ ನೋಡಿದೆ. ಡಾಂಬರಿನ ಮೇಲೆ ಒಂದು ಗೀರೂ ಇರಲಿಲ್ಲ. ಮಸ್ಕಿಯಲ್ಲಿ ಇಳಿಯುವ ಮೊದಲು ಮುದುಕಿ ತನ್ನ ಹಣೆಯ ವಿಭೂತಿಯನ್ನೇ ಬೆರಳಿಗೆ ತೀಡಿಕೊಂಡು ನನ್ನ ಹಣೆಗೆ ಹಚ್ಚಿ ಇಳಿದು ಹೋದಳು.

ಶಾಲೆ ಅಂದರೆ ಜಾಲಿಗಿಡಗಳ ನಡುವಿನ ಒಂದು ಬಯಲು, ತಗಡಿನ ಶೆಡ್ಡು, ಬಿಸಿಲಿಗೆ ಬಣ್ಣ ಕಳೆದುಕೊಂಡ ಒಂದು ಲಾರಿ. ಕಲಿಯುವವರು ಇಬ್ಬರೇ. ನನ್ನ ಜೊತೆಯವನು ಸಿಂಧನೂರಿನ ಹತ್ತಿರದ ಆರ್.ಎಚ್. ಕ್ಯಾಂಪಿನವನು; ಬಾಂಗ್ಲಾ ಕಡೆಯಿಂದ ಬಂದ ನಿರಾಶ್ರಿತರ ಊರು ಅದು. ಮದುವೆಯಾಗಿ ಮಕ್ಕಳಿದ್ದ ಆತ ಮನೆಯಲ್ಲಿ ಬಂಗಾಳಿ ಮಾತಾಡಿದರೂ ಕನ್ನಡ ನಮ್ಮಂತೆಯೇ ಆಡುತ್ತಿದ್ದ. ನನಗಿಂತ ವಾರ ಮೊದಲೇ ಸೇರಿದ್ದ.

ಕಲಿಸುವವರನ್ನು ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು. ಎತ್ತರದ ಒಣ ಮೈ, ಕೊರಳಲ್ಲೊಂದು ಕರವಸ್ತ್ರ. ವಯಸ್ಸಿನ ಬಹುಪಾಲು ದೂರದ ರಸ್ತೆಗಳಲ್ಲೇ ಕಳೆದವರು. ನಾನು ಹೆಣ್ಣೆಂದು ಹುಬ್ಬೇರಿಸಲಿಲ್ಲ. ಲಾರಿಯ ಸುತ್ತ ಒಂದು ಸುತ್ತು ಹಾಕಿಸಿ, ಹತ್ತಿ ಕೂರಲು ಹೇಳಿದರು. ಕಲಿಸುವ ಗಾಡಿಯಾದ್ದರಿಂದ ಎಡಗಡೆಯ ಸೀಟಿನ ಕೆಳಗೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಅದು ಉಸ್ತಾದರ ಜಾಗ.

"ಯವ್ವಾ, ಟ್ರ್ಯಾಕ್ಟರ್ ಮರ್ತುಬಿಡು," ಅಂದರು. "ಅದು ನಿನ್ನ ಮಾತು ಕೇಳತೈತಿ. ಇದಕ್ಕ ಹಿಂದ ಲೋಡ್ ಇರತೈತಿ. ಲೋಡು ಯಾರ ಮಾತೂ ಕೇಳಂಗಿಲ್ಲ."

ಅವರು ಒಳ್ಳೆಯ ಗುರು. ಅದನ್ನು ಇಂದಿಗೂ ಹೇಳುತ್ತೇನೆ. ಗೇರು ಬೀಳುವ ಮೊದಲು ಎಂಜಿನ್ನಿನ ಸದ್ದು ಹೇಗೆ ಬದಲಾಗುತ್ತದೆಂದು ಕಣ್ಣು ಮುಚ್ಚಿಸಿ ಕೇಳಿಸಿದರು. ಕೈ ತಪ್ಪಿದರೆ ಬೈಯುತ್ತಿರಲಿಲ್ಲ. ಮೊದಲ ದಿನಗಳು ಹಗುರವಾಗಿ ಕಳೆದವು. ತಂಗಿ ರಾತ್ರಿ ನನ್ನ ತೋಳಿಗೆ ಎಣ್ಣೆ ತಿಕ್ಕುತ್ತಾ ನಗುತ್ತಿದ್ದಳು.

ಆಮೇಲೆ ಲಾರಿ ಹಿಂದಕ್ಕೆ ತೆಗೆಯುವುದನ್ನು ಕಲಿಸುವ ದಿನ ಬಂತು. ಹಳೆಯ ಟೈರುಗಳನ್ನು ಎರಡೂ ಬದಿಗೆ ಇಟ್ಟು, ಉಸ್ತಾದರು ಲಾರಿಯ ಹಿಂದೆ, ಬಲಗಡೆಯ ಕನ್ನಡಿಗೆ ಕಾಣುವಂತೆ ನಿಂತರು. ನಾನು ಕನ್ನಡಿ ನೋಡುತ್ತಾ ನಿಧಾನವಾಗಿ ಬಿಡುತ್ತಿದ್ದೆ.

"ಬರ್ಲಿ, ಬರ್ಲಿ... ಬಲಕ್ಕ ತಿರುವು... ಇನ್ನಾ ಬರ್ಲಿ..."

ಮಾತು ನಿಂತಿತು. ಕನ್ನಡಿಯಲ್ಲಿ ಅವರ ಕೈ 'ಬಾ' ಅನ್ನುವಂತೆ ಮೇಲೆತ್ತಿಯೇ ಇತ್ತು. ನಾನು ಇನ್ನಷ್ಟು ಹಿಂದೆ ಬಿಟ್ಟೆ. ಅವರು ಜಾಗ ಬಿಡಲಿಲ್ಲ. ಕನ್ನಡಿಯಲ್ಲಿ ಅವರ ಮುಖ ದೊಡ್ಡದಾಗುತ್ತಾ ಬಂತು. ಬ್ರೇಕು ಒತ್ತಿ, ಕೆಳಗಿಳಿದು ಓಡಿದೆ. ಲಾರಿಯ ಹಿಂಬಾಗಿಲು ಅವರ ಎದೆಯಿಂದ ಒಂದು ಮೊಳ ದೂರ ನಿಂತಿತ್ತು. ಕಣ್ಣು ತೆರೆದೇ ಇದ್ದವು, ಆದರೆ ಆ ಕಣ್ಣುಗಳಲ್ಲಿ ನಾನು ಇರಲಿಲ್ಲ. ಬಾಯಿ ಏನನ್ನೋ ಚಪ್ಪರಿಸುವಂತೆ ಅಲುಗುತ್ತಿತ್ತು. ಇನ್ನೊಂದು ಕೈಯ ಬೆರಳುಗಳು ಕರವಸ್ತ್ರದ ಅಂಚನ್ನು ಹಿಸುಕುತ್ತಲೇ ಇದ್ದವು.

"ಉಸ್ತಾದ್ರೇ!" ಅಂದೆ. ಮತ್ತೊಮ್ಮೆ ಅಂದೆ.

ಸ್ವಲ್ಪ ಹೊತ್ತಿಗೆ ಅವರು ರೆಪ್ಪೆ ಬಡಿದು ನನ್ನನ್ನು ನೋಡಿದರು. "ಯಾಕ ನಿಂದ್ರಿಸಿದಿ?" ಅಂದರು. ದನಿಯಲ್ಲಿ ಬೇಸರವಿತ್ತು, ತಪ್ಪು ನನ್ನದೇ ಅನ್ನುವಂತೆ.

ಚಹಾದ ಹೊತ್ತಿನಲ್ಲಿ ಕ್ಯಾಂಪಿನವನಿಗೆ ಹೇಳಿದೆ. ಅವನು ಸುತ್ತ ನೋಡಿ ದನಿ ತಗ್ಗಿಸಿದ. "ನಾನೂ ಒಂದ್ಸಲ ನೋಡೀನಿ ಅಕ್ಕಾ. ಶೆಡ್ಡಿನಾಗ ನೀರು ಕುಡಿಯಾಕತ್ತಿದ್ರು. ತಂಬಗಿ ಕೈಯಾಗ ಹಂಗ ಇತ್ತು, ನೀರು ಅಂಗಿ ಮ್ಯಾಲೆ ಹರಿಯಾಕತ್ತಿತ್ತು. ವಯಸ್ಸಾತು, ಮರವು ಇರ್ಬೇಕು ಅಂದ್ಕೊಂಡೆ."

ಸಂಜೆ ಗಂಡನಿಗೆ ಫೋನು ಮಾಡಿದೆ. ನಡೆದದ್ದೆಲ್ಲ ಹೇಳಿದೆ. ಫೋನಿನಲ್ಲಿ ನಮ್ಮ ಎಮ್ಮೆ ಕೂಗುವುದು ಕೇಳಿಸುತ್ತಿತ್ತು.

"ಅವಗ ಗೊತ್ತೈತಿ," ಅಂದರು ಅವರು. "ಗೊತ್ತಿಲ್ಲದ ಇರಂಗಿಲ್ಲ. ಮಂದಿಗೆ ಗೊತ್ತಾಗಿಲ್ಲ ಅಂತ ತಿಳಕೊಂಡಾನ, ಅಷ್ಟ. ನೀ ಅವನ ಕೈಯಾಗ ಸ್ಟೇರಿಂಗ್ ಇರೋ ಗಾಡಿ ಹತ್ತಬ್ಯಾಡ."

ಅವರು ತಮ್ಮ ಬಗ್ಗೆಯೇ ಹೇಳುತ್ತಿದ್ದಾರೆ ಅನ್ನಿಸಿತು. ಆ ರಾತ್ರಿ ತಂಗಿಯ ಮನೆಯ ಹಿಂದಿನ ರಸ್ತೆಯಲ್ಲಿ ಲಾರಿಗಳು ಹೋಗುವುದನ್ನು ಕೇಳುತ್ತಾ ಮಲಗಿದೆ. ಪ್ರತಿಯೊಂದರೊಳಗೂ ಯಾರೋ ಒಬ್ಬರು ಕೂತಿದ್ದಾರೆ, ಅವರ ಮೈಯೊಳಗೆ ಏನಿದೆಯೋ ಯಾರಿಗೆ ಗೊತ್ತು.

ಮರುದಿನ ಉಸ್ತಾದರನ್ನು ನೇರವಾಗಿ ಕೇಳಿದೆ. ಅವರು ನಕ್ಕರು. "ಬಿಸಲಿಗೆ ತಲಿ ತಿರುಗಿತ್ತು, ಯವ್ವಾ. ಮುಂಜಾನೆ ಉಂಡಿದ್ದಿಲ್ಲ." ಶಾಲೆಯ ಮಾಲೀಕನಿಗೂ ಹೇಳಿದೆ. ಅವನು ಮೊಬೈಲಿನಿಂದ ತಲೆ ಎತ್ತದೆ, "ಅವ್ರು ಗಾಡಿ ಮುಟ್ಟಿದಾಗಿಂದ ಒಂದ್ ಕೋಳಿ ಸೈತ ಸತ್ತಿಲ್ಲ, ಸುಮ್ನ ಕಲೀರಿ," ಅಂದ. ನಾನು ಓಡಿಸುವಾಗ ಅವರು ಎಡಗಡೆ ಇರುತ್ತಾರೆ, ಸ್ಟೇರಿಂಗು ನನ್ನ ಕೈಯಲ್ಲಿರುತ್ತದೆ. ಅಷ್ಟು ಧೈರ್ಯ ತಂದುಕೊಂಡು ಮುಂದುವರಿದೆ.

ರಸ್ತೆಗಿಳಿದ ದಿನ ಲಿಂಗಸುಗೂರಿನಿಂದ ಮಸ್ಕಿಯವರೆಗೆ ಕ್ಯಾಂಪಿನವನನ್ನೂ ಕೂರಿಸಿಕೊಂಡು ನಾನೇ ಓಡಿಸಿದೆ. ಗಾಳಿ ಬೀಸುತ್ತಿತ್ತು, ಬಿಡಿಸದೆ ಉಳಿದ ಹತ್ತಿಯ ಎಳೆಗಳು ರಸ್ತೆಗೆ ಹಾರಿ ಬರುತ್ತಿದ್ದವು. ಮಸ್ಕಿಯ ಗುಡ್ಡ ಕಂಡಿತು. ಉಸ್ತಾದರು "ಶಾಬಾಸ್" ಅಂದರು. ಅಲ್ಲಿ ಚಹಾ ಕುಡಿದೆವು. ಹೊರಡುವಾಗ ನೋಡಿದರೆ ಅವರು ಬಲಗಡೆಯ ಬಾಗಿಲಿನಿಂದ ಹತ್ತಿ ಡ್ರೈವರ್ ಸೀಟಿನಲ್ಲಿ ಕೂತಿದ್ದರು.

"ಉಸ್ತಾದ್ರೇ, ನಾನ ಹೊಡಿತೀನಿ," ಅಂದೆ.

"ಇಳುಕಲಿನಾಗ ಬ್ರೇಕ್ ತುಳಿಯದ ಗೇರಿನ್ಯಾಗ ಹೆಂಗ ಇಳಸ್ಬೇಕು, ಕಣ್ಣಿಲೆ ನೋಡು ಒಮ್ಮಿ. ಹತ್ತು."

ಗಂಡನ ಮಾತು ಕಿವಿಯಲ್ಲಿತ್ತು. ಬಸ್ಸಿಗೆ ಬರುತ್ತೇನೆಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಎಂಜಿನ್ನು ಚಾಲೂ ಆಯಿತು, ಕ್ಯಾಂಪಿನವನು ಹತ್ತಿ ನಡುವೆ ಕೂತ. ಅವನೊಬ್ಬನನ್ನೇ ಬಿಡಲು ಮನಸ್ಸಾಗಲಿಲ್ಲ. ಉಸ್ತಾದರು ಯಾವಾಗಲೂ ಕೂರುತ್ತಿದ್ದ ಎಡಗಡೆಯ ಸೀಟಿಗೆ ಹತ್ತಿ, ಬ್ರೇಕಿನ ಮೇಲೆ ಕಾಲು ತಾಗಿಸಿಕೊಂಡು ಕೂತೆ. ಕಣ್ಣನ್ನು ರಸ್ತೆಗಿಂತ ಹೆಚ್ಚಾಗಿ ಅವರ ಮುಖದ ಮೇಲೇ ಇಟ್ಟಿದ್ದೆ.

ಊರು ದಾಟಿದ ಮೇಲೆ ರಸ್ತೆ ಒಂದು ಹಳ್ಳದ ಸೇತುವೆಯ ಕಡೆಗೆ ಇಳಿಯುತ್ತದೆ. ಕೆಳಗಿನಿಂದ ಒಂದು ಟ್ರ್ಯಾಕ್ಟರು ಹತ್ತಿಬರುತ್ತಿತ್ತು. ಟ್ರೇಲರಿನಲ್ಲಿ ಹತ್ತಿ ಬಿಡಿಸಿ ಬರುವ ಹೆಂಗಸರು ಒತ್ತೊತ್ತಾಗಿ ನಿಂತಿದ್ದರು.

"ಈಗ ಮೂರನೇ ಗೇರಿಗೆ ತಂದು..." ಅಂದ ಉಸ್ತಾದರು ಮುಂದಿನ ಮಾತು ಆಡಲಿಲ್ಲ.

ಬಾಯಿ ಚಪ್ಪರಿಸತೊಡಗಿತು. ಎಡಗೈ ಸ್ಟೇರಿಂಗು ಬಿಟ್ಟು ಕರವಸ್ತ್ರ ಹುಡುಕುತ್ತಾ ಕೊರಳಿಗೆ ಹೋಯಿತು. ಎಂಜಿನ್ನಿನ ಸದ್ದು ಏರಿತು. ಅವರ ಕಾಲು ಆಕ್ಸಲರೇಟರನ್ನು ಒತ್ತಿತ್ತು. ಲಾರಿ ನಿಧಾನವಾಗಿ, ಯಾರೋ ಕೈ ಹಿಡಿದು ಕರೆದಂತೆ, ಬಲಕ್ಕೆ ಸರಿಯತೊಡಗಿತು. ಒಬ್ಬ ಹೆಂಗಸಿನ ಹಸಿರು ಸೆರಗು ಗಾಳಿಗೆ ಹಾರುವುದೂ ನನಗೆ ಕಂಡಿತು.

"ಎಡಕ್ಕ ಎಳಿಯೋ!" ಎಂದು ಕಿರುಚಿ ಎರಡೂ ಕಾಲಿನಿಂದ ಬ್ರೇಕು ಒದ್ದೆ.

ಕ್ಯಾಂಪಿನವನು ಉಸ್ತಾದರ ಮೈಮೇಲೆ ಬಿದ್ದು ಸ್ಟೇರಿಂಗು ಎಳೆದ. ಟೈರುಗಳು ಅರಚಿದವು. ಲಾರಿ ಅಡ್ಡಡ್ಡ ಜಾರಿ, ಮುಂದಿನ ಗಾಲಿಗಳು ಡಾಂಬರು ಬಿಟ್ಟು ಎರೆಯ ಮಣ್ಣಿಗಿಳಿದ ಮೇಲೆ ನಿಂತಿತು. ಟ್ರ್ಯಾಕ್ಟರು ನಮ್ಮ ಪಕ್ಕದಲ್ಲೇ ಹಾದುಹೋಯಿತು. ಹೆಂಗಸರು ಕೈ ಬೀಸಿ ಬೈಯುತ್ತಿದ್ದರು. ಕುಡಿದು ಓಡಿಸುತ್ತಿದ್ದಾರೆ ಅಂದುಕೊಂಡಿರಬೇಕು.

ಎಂಜಿನ್ನು ನಿಂತುಹೋಗಿತ್ತು. ಸುಟ್ಟ ರಬ್ಬರಿನ ವಾಸನೆ ಒಳಗೆ ಬಂತು.

"ಯಾಕ ನಿಂದ್ರಿಸಿದಿ?" ಅಂದರು ಉಸ್ತಾದರು.

ಅದೇ ಮಾತು, ಅದೇ ಬೇಸರದ ದನಿ. ಆದರೆ ಈ ಸಲ ಅವರು ಗಾಜಿನ ಮುಂದಿನ ಹೊಲ ನೋಡಿದರು, ತಮ್ಮ ತೊಡೆಯ ಮೇಲೆ ಬಿದ್ದಿದ್ದ ಕ್ಯಾಂಪಿನವನನ್ನು ನೋಡಿದರು, ಬ್ರೇಕಿನ ಮೇಲೇ ಇದ್ದ ನನ್ನ ಕಾಲು ನೋಡಿದರು. ಮುಖದ ಬಣ್ಣ ಇಳಿಯಿತು.

"ಎಷ್ಟೊತ್ತು ಹೋಗಿದ್ದೆ?" ಎಂದು ಮೆಲ್ಲಗೆ ಕೇಳಿದರು.

ಅಲ್ಲಿಂದ ನಾನೇ ಓಡಿಸಿದೆ. ಉಸ್ತಾದರನ್ನು ಬಾಗಿಲ ಪಕ್ಕ ಕೂರಿಸಲು ಹೆದರಿ ಇಬ್ಬರ ನಡುವೆ ಕೂರಿಸಿಕೊಂಡೆವು. ಬಹಳ ದೂರ ಹೋದ ಮೇಲೆ ಅವರು ಮಾತಾಡಿದರು.

"ಮನ್ಯಾಗ ಅಕಿಗೆ ಗೊತ್ತೈತಿ. ದಿನಾ ಮುಂಜಾನೆ ಹೋಗಬ್ಯಾಡ್ರಿ ಅಂತಾಳ, ಬಾಗಿಲಿಗೆ ಅಡ್ಡ ನಿಂದರ್ತಾಳ. ನಾ ದಾಟಿ ಬರ್ತೀನಿ." ಕೊರಳ ಕರವಸ್ತ್ರ ಬಿಗಿಸಿಕೊಂಡು, "ಮಾಲೀಕಗ ಹೇಳಬ್ಯಾಡ, ಯವ್ವಾ," ಅಂದರು.

"ನೀವ ಹೇಳ್ರಿ, ಉಸ್ತಾದ್ರೇ. ನೀವು ಹೇಳಲಿಲ್ಲಂದ್ರ ನಾ ಹೇಳ್ತೀನಿ. ನನ್ನ ಗಂಡ ಹಿಂಗ ಮುಚ್ಚಿಟ್ಟು, ತನ್ನ ಹಡದವ್ವನ್ನ ಬಾಜೂಕ ಕೂಡಿಸ್ಕೊಂಡು ಕುರುಡಗಣ್ಣಿಲೆ ಗಾಡಿ ಹೊಡದಾನ. ಅಕಿಗೆ ಇವತ್ತಿಗೂ ಗೊತ್ತಿಲ್ಲ."

ಅವರು ತಿರುಗಿ ನನ್ನನ್ನು ನೋಡಿದರು. ಆಮೇಲೆ ಊರು ಬರುವವರೆಗೂ ತಲೆ ತಗ್ಗಿಸಿಯೇ ಕೂತಿದ್ದರು. ಬಯಲಿಗೆ ಬಂದು ಲಾರಿ ನಿಲ್ಲಿಸಿದಾಗ ತಾವಾಗಿಯೇ ಇಳಿದು ಮಾಲೀಕನ ಕೋಣೆಗೆ ಹೋದರು. ಒಳಗೆ ಏನು ಮಾತಾಯಿತೋ ಗೊತ್ತಿಲ್ಲ. ಹೊರಬಂದವರು ನಮ್ಮ ಕಡೆ ಕೈ ಎತ್ತಿ, ನಡೆದುಕೊಂಡೇ ಊರ ಕಡೆ ಹೋದರು.

ಶಾಲೆ ಕೆಲವು ದಿನ ಮುಚ್ಚಿತ್ತು. ಬಳಿಕ ಬಂದ ಹೊಸ ಉಸ್ತಾದ ಮಾತಿಗೊಮ್ಮೆ ಬೈಯುವವನು. ಅವನ ಕೈಯಲ್ಲೇ ಕಲಿತು, ಪರೀಕ್ಷೆ ಕೊಟ್ಟು, ನಾನೂ ಕ್ಯಾಂಪಿನವನೂ ಲೈಸೆನ್ಸು ಪಡೆದೆವು. ಈಗ ನಮ್ಮ ಲಾರಿಯನ್ನು ನಾನೇ ಓಡಿಸುತ್ತೇನೆ. ನನ್ನ ಗಂಡ ಪಕ್ಕದಲ್ಲಿ ಕೂತು ಎಂಜಿನ್ನಿನ ಸದ್ದು ಕೇಳಿಯೇ ಗೇರು ಹೇಳುತ್ತಾರೆ. ಅತ್ತೆ ಮಾತ್ರ ಈ ತನಕ ನನ್ನ ಗಾಡಿ ಹತ್ತಿಲ್ಲ. ಮಗ ಓಡಿಸುವಾಗ ಭಯವೇ ಇರಲಿಲ್ಲವಂತೆ.

ಹೋದ ಬೇಸಿಗೆಯಲ್ಲಿ ಸಿಂಧನೂರಿನ ಬಸ್ ನಿಲ್ದಾಣದ ಹೊರಗೆ ಹಳೆಯ ಉಸ್ತಾದರು ಸಿಕ್ಕರು. ಹೆಂಡತಿ ಜೊತೆಗಿದ್ದರು. ಉಸ್ತಾದರ ಮೈ ಸ್ವಲ್ಪ ತುಂಬಿಕೊಂಡಿತ್ತು. ರಾಯಚೂರಿನ ಡಾಕ್ಟರಿಗೆ ತೋರಿಸಿ ಗುಳಿಗೆ ತೆಗೆದುಕೊಳ್ಳುತ್ತಿದ್ದಾರಂತೆ. ಅದು ಮೂರ್ಛೆರೋಗದ ಒಂದು ಬಗೆಯಂತೆ; ಬೀಳದೆ, ಕಣ್ಣು ತೆರೆದಿರುವಾಗಲೇ ಅರಿವು ತಪ್ಪುತ್ತದಂತೆ.

"ಗಾಡಿ ಹೆಂಗ ನಡದೈತಿ?" ಎಂದು ಕೇಳಿದರು.

"ನಡದೈತ್ರಿ, ಉಸ್ತಾದ್ರೇ."

ಅವರು ರಸ್ತೆಯಲ್ಲಿ ಹೋಗುತ್ತಿದ್ದ ಲಾರಿಗಳನ್ನು ನೋಡುತ್ತಾ ನಿಂತರು. "ನನ್ನಂಥಾವ್ರು ಇನ್ನಾ ಅದಾರ, ಯವ್ವಾ. ಮುಖ ನೋಡಿದ್ರ ಈಗ ನನಗ ತಿಳಿತೈತಿ. ಇಬ್ರಿಗೆ ಹೇಳಿದೆ. ಒಬ್ಬ ನಕ್ಕ, ಒಬ್ಬ ಹೊಡಿಯಾಕ ಬಂದ." ಹೆಂಡತಿ ತೋಳು ಹಿಡಿದು ಎಳೆದರು, ಬಸ್ಸು ಬಂದಿತ್ತು. ಹತ್ತುವ ಮುಂಚೆ ಅವರು ತಿರುಗಿ, "ಸಂಜಿಮುಂದ ಎದುರಿನ ಗಾಡಿಗೆ ಜಾಗಾ ಬಿಟ್ಟ ಹೊಡಿ," ಅಂದರು.

ನಾನು ಮಿಲ್ಲಿನಿಂದ ಖಾಲಿ ಲಾರಿ ತೆಗೆದುಕೊಂಡು ಮುಕ್ಕುಂದದ ಕಡೆ ತಿರುಗಿಸಿದೆ. ಹೊತ್ತು ಮುಳುಗುತ್ತಿತ್ತು. ದೂರದಲ್ಲಿ ಎರಡು ಲೈಟುಗಳು ಹತ್ತಿಕೊಂಡು ನನ್ನ ಕಡೆಗೆ ಬರತೊಡಗಿದವು. ನಾನು ರಸ್ತೆಯ ಅಂಚಿಗೆ ಸರಿದು, ಬ್ರೇಕಿನ ಮೇಲೆ ಕಾಲಿಟ್ಟುಕೊಂಡು, ಅದು ದಾಟಿಹೋಗುವವರೆಗೆ ಕಾದೆ.