ಖಾಲಿಗೆ ಖಾಲಿ ಸಮವಾದ ದಿನ

ಶಕುನ, ಸೂಚನೆ ಎಂದರೆ ನಗುತ್ತಿದ್ದವಳು ನಾನು. ಡೇಟಾಬೇಸ್ ಕೆಲಸದವಳಿಗೆ ಸಮ ಎಂದರೆ ಸಮ, ಅಲ್ಲ ಎಂದರೆ ಅಲ್ಲ. ನಡುವೆ ಪವಾಡಕ್ಕೆ ಜಾಗವೆಲ್ಲಿ? ಈಗ ಹಾಗೆ ನಗಲು ಧೈರ್ಯ ಸಾಲದು.

ಮೂರು ವರ್ಷದ ಹಿಂದಿನ ಮಾತು. ಮುಂಬೈಯ ವಡಾಲದ ಒಂದು ಸಣ್ಣ ಸಂಸ್ಥೆಯಲ್ಲಿ ನನ್ನ ಕೆಲಸ: ಕಾಣೆಯಾದವರ ಪಟ್ಟಿಯನ್ನು ಆಶ್ರಮಗಳಲ್ಲಿರುವವರ ಪಟ್ಟಿಯೊಂದಿಗೆ ಹೋಲಿಸುವುದು. ಧಾರಾವಿಯಲ್ಲಿ ಚರ್ಮದ ಚೀಲ ಹೊಲಿಯುವ ಖೈರುನ್ನಿಸಾ ಆಪಾ ವಾರ ವಾರವೂ ಬರುತ್ತಿದ್ದರು. ವಿಜಾಪುರದ ಕಡೆಯವರು. ಅವರ ತಂಗಿ ಮುನ್ನಿ, ಮಾತು ಬಾರದವಳು, ಲೋಕಲ್ ರೈಲು ಹತ್ತುವಾಗ ನೂಕುನುಗ್ಗಲಿನಲ್ಲಿ ಕೈತಪ್ಪಿ ನಾಲ್ಕು ತಿಂಗಳಾಗಿತ್ತು. ಹೆಸರು ಕೊಟ್ಟು ಹುಡುಕಿ ಸೋತಿದ್ದೆ. ಮಾತಾಡದವರಿಗೆ ಆಶ್ರಮದವರೇ ಏನೋ ಒಂದು ಹೆಸರಿಡುತ್ತಾರೆ.

"ಹುಟ್ಟಿದ ವರ್ಷವಾದರೂ ಹೇಳಿ ಆಪಾ," ಎಂದೆ.

"ಅದ್ಯಾರಿಗೆ ಗೊತ್ರೀ? ಆಕಿ ಹುಟ್ಟಿದಾಗ ನನ್ನ ಮುಂದಿನ ಹಲ್ಲ ಬಿದ್ದಿದ್ವು, ಅಷ್ಟ ನೆನಪೈತಿ."

ಹಲ್ಲನ್ನು ಎಲ್ಲಿ ತುಂಬಲಿ? ಆ ಜಾಗ ಖಾಲಿ ಬಿಟ್ಟೆ. ಅವರ ಸಮಾಧಾನಕ್ಕೆಂದು, ಹುಟ್ಟಿದ ವರ್ಷ ಸಮವಿರುವವರನ್ನು ತೋರಿಸು ಎಂದು ಕಂಪ್ಯೂಟರನ್ನು ಕೇಳಿದೆ. ಏನೂ ಬರದೆಂದು ಗೊತ್ತಿತ್ತು. ಅದರ ಲೆಕ್ಕದಲ್ಲಿ ಖಾಲಿಗೆ ಖಾಲಿ ಎಂದೂ ಸಮವಲ್ಲ. ಎರಡೂ ಗೊತ್ತಿಲ್ಲದ ಮೇಲೆ ಒಂದೇ ಎನ್ನುವುದು ಹೇಗೆ?

ಒಂದು ಸಾಲು ಬಂತು. ಸಾಂತಾಕ್ರೂಜ್‌ನ ಒಂದು ಆಶ್ರಮ, ಹೆಸರು ಶಾಂತಿ, ಹುಟ್ಟಿದ ವರ್ಷ ಖಾಲಿ. ಅಂಥ ಖಾಲಿಗಳು ಪಟ್ಟಿಯ ತುಂಬ ಇದ್ದವು, ಬಂದದ್ದು ಇದೊಂದೇ. "ಏನೋ ತಪ್ಪಾಗಿರಬೇಕು ಆಪಾ" ಎನ್ನುವಷ್ಟರಲ್ಲಿ ಅವರು ಚಪ್ಪಲಿ ಮೆಟ್ಟಿ ಬಾಗಿಲಲ್ಲಿದ್ದರು. ನಾನೂ ಹೊರಟೆ.

ಆಶ್ರಮದಲ್ಲಿ ಮಧ್ಯಾಹ್ನದ ಊಟ ನಡೆದಿತ್ತು. ಅಲ್ಲಿಯವರು ಶಾಂತಿ ಎಂದು ತೋರಿಸಿದ ಹೆಂಗಸು ಸೊರಗಿ ಕಡ್ಡಿಯಾಗಿದ್ದಳು, ತಲೆ ಬೋಳಿಸಿದ್ದರು. ಆಪಾಗೂ ಗುರುತು ಸಿಗಲಿಲ್ಲ. ಅಯ್ಯೋ, ಸುಮ್ಮನೆ ಆಸೆ ಹುಟ್ಟಿಸಿದೆನಲ್ಲ ಎಂದುಕೊಂಡೆ. ಆ ಹೆಂಗಸು ತಲೆಯೆತ್ತಿ ಆಪಾರನ್ನು ನೋಡಿದಳು. ತಟ್ಟೆಯಲ್ಲಿದ್ದ ಭಾಕರಿ ರೊಟ್ಟಿಯ ಗಟ್ಟಿ ಅಂಚನ್ನು ಮುರಿದು ಅವರತ್ತ ಚಾಚಿದಳು, ಮೆತ್ತನೆಯ ನಡುಭಾಗವನ್ನು ತಾನಿಟ್ಟುಕೊಂಡಳು.

"ಈಕಿನ ರೀ, ಈಕಿನ! ಸಣ್ಣಾಕಿದ್ದಾಗಿಂದ ನಂಗ ಬರೇ ಅಂಚ ಕೊಡ್ತಾಳ, ಕಳ್ಳಿ!" ಆಪಾ ನಗುತ್ತ ನಗುತ್ತಲೇ ಅತ್ತರು. ನಾನೂ ಅತ್ತೆ, ಹೇಳಲು ನಾಚಿಕೆಯೇನು.

ಮರುದಿನ ಅದೇ ಪ್ರಶ್ನೆಯನ್ನು ಒಂದಕ್ಷರವೂ ಬದಲಿಸದೆ ಕೇಳಿದೆ. ಏನೂ ಬರಲಿಲ್ಲ. ಆಮೇಲೂ ಎಷ್ಟೋ ಸಲ ಕೇಳಿದ್ದೇನೆ. ನೀನೇ ಎಲ್ಲೋ ಎಡವಟ್ಟು ಮಾಡಿರಬೇಕು ಎನ್ನುತ್ತಾರೆ ಜೊತೆಯವರು. ಇರಬಹುದು. ಆದರೆ ಅಂದು ಕಂಪ್ಯೂಟರಿಗೆ ಬರೆದ ಪ್ರಶ್ನೆ ಇನ್ನೂ ನನ್ನ ಬಳಿಯಿದೆ, ಅದರಲ್ಲಿ ತಪ್ಪು ಸಿಕ್ಕಿಲ್ಲ.

ಹುಟ್ಟಿದ ವರ್ಷವೆಂದು ಅಂದಾಜಿಗಾದರೂ ಒಂದನ್ನು ತುಂಬಿ ಮುನ್ನಿಯ ಕಡತ ಮುಗಿಸು ಎಂದು ಆಫೀಸಿನಲ್ಲಿ ಹೇಳುತ್ತಲೇ ಇರುತ್ತಾರೆ. ನನಗೆ ಮನಸ್ಸು ಬರುವುದಿಲ್ಲ. ಮುನ್ನಿಯ ಹೆಸರಿನ ಮುಂದೆ ಒಂದು, ಶಾಂತಿಯ ಹೆಸರಿನ ಮುಂದೆ ಒಂದು, ಆ ಎರಡು ಖಾಲಿ ಜಾಗಗಳು ಇವತ್ತಿಗೂ ಹಾಗೆಯೇ ಇವೆ.