ಅದೇ ಮಾತಿಗೆ ಅದೇ ಹಲ್ಲಿ

ನಾಂಪಲ್ಲಿ ಸ್ಟೇಷನ್ನಿನ ಎದುರಿನ ಗಲ್ಲಿಯಲ್ಲಿ ಸೂಗಪ್ಪನ ಇಂಟರ್ನೆಟ್ ಅಂಗಡಿ ಇತ್ತು. ಅಂಗಡಿ ಅಂದರೆ ಎರಡು ಹಳೆಯ ಕಂಪ್ಯೂಟರು, ಒಂದಿಷ್ಟು ಪ್ಲಾಸ್ಟಿಕ್ ಕುರ್ಚಿ, ಟ್ಯೂಬ್‌ಲೈಟಿನ ಹಿಂದೆ ಬಾಡಿಗೆ ಕೊಡದೆ ಬೀಡುಬಿಟ್ಟಿದ್ದ ಒಂದು ಹಲ್ಲಿ. ಪಕ್ಕದ ಮಳಿಗೆಯಲ್ಲಿ ನಾನು ಝೆರಾಕ್ಸ್ ಮಾಡಿಕೊಂಡಿದ್ದೆ. ನಡುವೆ ಇದ್ದದ್ದು ಪ್ಲೈವುಡ್ ಗೋಡೆ. ಅವನ ಅಂಗಡಿಯ ಮಾತೆಲ್ಲ ನನ್ನ ಕಿವಿಗೇ ಬೀಳುತ್ತಿತ್ತು. ಕದ್ದು ಕೇಳಿದೆ ಅಂತ ಯಾರೂ ಅನ್ನಬೇಡಿ, ದಿನವಿಡೀ ಕಿವಿಗೆ ಹತ್ತಿ ಇಟ್ಟುಕೊಂಡು ಕೂಡಲಿಕ್ಕೆ ಆಗುತ್ತದೆಯೆ?

ಗಚ್ಚಿಬೌಲಿ ಕಡೆ ಗಾಜಿನ ಕಟ್ಟಡಗಳು ಒಂದರ ಹಿಂದೆ ಒಂದು ಏಳುತ್ತಿದ್ದ ಕಾಲ ಅದು. ಅವುಗಳ ಪಾಯ ಅಗೆಯಲಿಕ್ಕೆ ಶಹಾಪುರ, ಸುರಪುರದ ಕಡೆಯ ಹುಡುಗರು ಹಿಂಡುಹಿಂಡಾಗಿ ಬರುತ್ತಿದ್ದರು. ಅವರ ಕೈಗೆ ಇನ್ನೂ ಮೊಬೈಲು ಬಂದಿರಲಿಲ್ಲ. ಭಾನುವಾರ ಕೆಲಸಕ್ಕೆ ರಜೆ, ಅವತ್ತು ನಾಂಪಲ್ಲಿಗೆ ಬಂದು ಸೂಗಪ್ಪನ ಅಂಗಡಿಯಲ್ಲಿ ಕೂಡುತ್ತಿದ್ದರು. ಆದರೆ ಊರಲ್ಲಿರುವ ತಾಯಂದಿರು ಶಹಾಪುರಕ್ಕೆ ಬರುತ್ತಿದ್ದದ್ದು ಸಂತೆಯ ದಿನ ಮಾತ್ರ. ಅಲ್ಲಿ ಸೂಗಪ್ಪನ ಷಡ್ಡಕನದೂ ಇಂಥದೇ ಒಂದು ಅಂಗಡಿ ಇತ್ತು. ಮಗನ ರಜೆ, ತಾಯಿಯ ಸಂತೆ ಒಂದೇ ದಿನ ಬೀಳುತ್ತಿರಲಿಲ್ಲ, ಅಷ್ಟೇ ತೊಡಕು.

ಈ ತೊಡಕಿಗೆ ಸೂಗಪ್ಪ ಗೇಣುದ್ದದ ಒಂದು ವೈರಿನಲ್ಲಿ ದಾರಿ ಕಂಡುಕೊಂಡ. ಭಾನುವಾರ ಮಗನ ಮಾತನ್ನು ಒಂದು ಕಂಪ್ಯೂಟರಿನಲ್ಲಿ ತುಂಬಿಟ್ಟುಕೊಳ್ಳುವುದು. ಸಂತೆಯ ದಿನ ಇನ್ನೊಂದು ಕಂಪ್ಯೂಟರಿನಿಂದ ಶಹಾಪುರಕ್ಕೆ ಮಾತು ಜೋಡಿಸುವುದು. ಆಮೇಲೆ ಮೊದಲನೆಯದರ ಸ್ಪೀಕರಿನ ತೂತಿನಿಂದ ಎರಡನೆಯದರ ಮೈಕಿನ ತೂತಿಗೆ ವೈರು ಸಿಕ್ಕಿಸುವುದು. ಮೈಕು ಬಾಯಿಯ ಮುಂದಿದೆಯೋ ವೈರಿನ ತುದಿಗಿದೆಯೋ, ಅದು ಕಂಪ್ಯೂಟರಿಗೇ ಗೊತ್ತಾಗುವುದಿಲ್ಲ, ಇನ್ನು ಶಹಾಪುರದಲ್ಲಿ ಕೂತವರಿಗೆ ಎಲ್ಲಿಂದ ಗೊತ್ತಾಗಬೇಕು?

"ರಿಕಾರ್ಡ್ ಅಂತ ಹೇಳಬ್ಯಾಡ್ರಿ, ನಮ್ಮವ್ವ ಮಿಷನ್ ಜೋಡಿ ಮಾತಾಡಂಗಿಲ್ಲ" ಎಂದು ಹುಡುಗರೇ ಹೇಳಿದ್ದರು. ಹಾಗಾಗಿ ಪ್ರಶ್ನೆ ಕೇಳಿದ ಮೇಲೆ ಒಂದು ಉಸಿರು ಸುಮ್ಮನಿರಬೇಕು, ತಾಯಿಗೆ ಉತ್ತರ ಕೊಡಲು ಜಾಗ ಬಿಡಬೇಕು ಎಂದು ಸೂಗಪ್ಪ ಅವರಿಗೆ ಕಲಿಸಿದ. ಅದು ನಡೆದೂ ನಡೆಯಿತು. ನಮ್ಮ ಜನ ದೂರದಿಂದ ಮಾತಾಡುವುದೇನು? ಆರಾಮ ಅದೀಯೇನವ್ವ, ಆರಾಮ ಅದೀನಪ್ಪ, ಊಟ ಆತೇನು, ಆತು, ಮಳಿ ಬಂತೇನು. ಯಾರ ಮಗನ ಮಾತಿಗೆ ಯಾರ ತಾಯಿ ಉತ್ತರ ಕೊಟ್ಟರೂ ಸರಿಹೋಗುತ್ತಿತ್ತು. ಸೂಗಪ್ಪನಿಗೆ ಇದರಿಂದ ಸ್ವಲ್ಪ ತಲೆ ತಿರುಗಿತ್ತು ಎಂದೇ ನಾನು ಹೇಳುತ್ತೇನೆ.

"ಸುಳ್ಳಿಗೆ ವೈರ್ ಹಚ್ಚೀದಿ. ಒಂದಿನ ಶಾಕ್ ಹೊಡೀತೈತಿ ನೋಡು" ಎಂದು ನಾನು ರೇಗಿಸುತ್ತಿದ್ದೆ.

"ತಾಯಿಗೆ ಮಗನ ದನಿ ಕೇಳಸೂದು ಸುಳ್ಳು ಹೆಂಗ ಆಕ್ಕೈತ್ರಿ" ಎಂದು ಅವನು ನಗುತ್ತಿದ್ದ.

ಅಂಬಣ್ಣ ಪಾಯ ಅಗೆಯುವವರ ಗುಂಪಿನವನು. ತಾಯಿ ಬಂಡೆಮ್ಮನಿಗೆ ಒಬ್ಬನೇ ಮಗ. ಒಂದು ಭಾನುವಾರ ಬಂದು ಎಂದಿನಂತೆ ಮಾತು ತುಂಬಿಸಿದ. "ನಾ ಆರಾಮ ಅದೀನಿ, ಚಿಂತಿ ಮಾಡಬ್ಯಾಡ" ಎಂದ ಕೂಡಲೇ ಟ್ಯೂಬ್‌ಲೈಟಿನ ಹಿಂದಿನ ಹಲ್ಲಿ ಲೊಚಗುಟ್ಟಿತು. ಮಾತಿನ ಮೇಲೆ ಹಲ್ಲಿ ನುಡಿದರೆ ಆ ಮಾತು ಸತ್ಯ ಎಂದು ನಮ್ಮಲ್ಲಿ ನಂಬಿಕೆ. ಅಂಬಣ್ಣ ಟೇಬಲ್ಲಿಗೆ ಬೆರಳಿನಿಂದ ಮೂರು ಸಲ ಕುಟ್ಟಿ "ಖರೆ, ಖರೆ" ಅಂದ. ಅದೂ ರಿಕಾರ್ಡ್ ಆಯಿತು. ಸಂತೆಯ ದಿನ ಅದನ್ನು ಕೇಳಿದ ಬಂಡೆಮ್ಮ ಅತ್ತ ತಾನೂ ಕುಟ್ಟಿದಳು. "ಹಲ್ಲಿ ನುಡೀತು ತಮ್ಮಾ, ಈಗ ನನಗ ಧೈರ್ಯ ಬಂತು" ಎಂದು ಸೂಗಪ್ಪನಿಗೆ ಹೇಳಿದಳು.

ಮುಂದಿನ ಭಾನುವಾರ ಅಂಬಣ್ಣ ಬರಲಿಲ್ಲ. ಅವನ ಗುಂಪಿನ ಯಾರೂ ಬರಲಿಲ್ಲ. ಮರುದಿನ ಅವರ ಮೇಸ್ತ್ರಿ ವೀರಭದ್ರಪ್ಪ ಬಂದ. ಯಾವತ್ತೂ ಗುರ್ ಅನ್ನುವ ಮನುಷ್ಯ ಅವತ್ತು ಬೆಣ್ಣೆಯಂತೆ ಮಾತಾಡಿದ್ದು ಕೇಳಿ ನನಗೆ ಒಳ್ಳೆಯದೆನಿಸಲಿಲ್ಲ.

"ಅಂಬಣ್ಣಗ ನಾಚಾರಂದಾಗ ಶೆಡ್ಡಿನ ಕೆಲಸಕ್ಕ ಹಾಕೀನಿ, ರಜಾ ಇಲ್ಲ. ಹ್ವಾದ ವಾರದ್ದು ಐತಲ್ಲ, ಅದನ್ನ ಹಚ್ಚಿಬಿಡು" ಅಂದ.

"ಒಂದ್ ಗಳಿಗಿ ಬಂದು ಹೋಗಾಕ ಹೇಳ್ರಿ ಮೇಸ್ತ್ರಿ."

"ಬರ್ತಾನ, ಬರ್ತಾನ. ಈ ವಾರ ಇದನ್ನ ಹಚ್ಚು. ಮುದುಕಿ ಸುಮ್ಮನ ಗಾಬರಿ ಆಗ್ತಾಳ."

ಅವನು ಹೋದ ಮೇಲೆ ಸೂಗಪ್ಪ ನನ್ನ ಮಳಿಗೆಗೆ ಬಂದ. "ನನ್ನ ಮಾರಿ ನೋಡಿ ಒಂದ್ ಮಾತೂ ಆಡಲಿಲ್ಲ ಅಂವ" ಅಂದ. ಹಚ್ಚಬೇಡ ಅಂದೆ. "ಹಚ್ಚಲಿಲ್ಲಂದ್ರ ಆಕಿಗೆ ಏನಂತ ಹೇಳ್ಲಿ?" ಅಂದ.

ಸಂತೆಯ ದಿನ ನಾನು ಕೆಲಸ ಬಿಟ್ಟು ಅವನ ಬಾಗಿಲಲ್ಲಿ ನಿಂತೆ. ಸೂಗಪ್ಪ ವೈರು ಸಿಕ್ಕಿಸಿದ. ಆರಾಮ ಅದೀಯೇನವ್ವ ಎಂದಿತು ಕಂಪ್ಯೂಟರು. ಆರಾಮ ಅದೀನಪ್ಪ ಎಂದಳು ಬಂಡೆಮ್ಮ. ಊಟ, ಮಳೆ, ಎಲ್ಲಕ್ಕೂ ಉತ್ತರ ಕೊಟ್ಟಳು. ಆಮೇಲೆ ನಾ ಆರಾಮ ಅದೀನಿ ಎಂಬ ಮಾತು, ಅದರ ಬೆನ್ನಿಗೇ ಹಲ್ಲಿ, ಟೇಬಲ್ಲಿನ ಮೇಲೆ ಮೂರು ಸಲ ಬೆರಳು. ಈ ಸಲ ಅತ್ತ ಕಡೆಯಿಂದ ಕುಟ್ಟಿದ ಸದ್ದು ಬರಲಿಲ್ಲ. ಅಂಬಣ್ಣನ ದನಿ ಮಾತ್ರ ತನ್ನ ಪಾಡಿಗೆ ಮುಂದೆ ಹೋಗುತ್ತಿತ್ತು.

"ತಮ್ಮಾ ಸೂಗಪ್ಪಾ" ಎಂದಳು ಆಕೆ, ಮಗನ ಮಾತನ್ನು ನಡುವೆಯೇ ಕಡಿದು. "ಅದ ಮಾತಿಗೆ ಅದ ಹಲ್ಲಿ. ಹ್ವಾದ ವಾರದ್ದ ಇದು. ನನ್ನ ಮಗ ಎಲ್ಲಿ ಅದಾನ?"

ಸೂಗಪ್ಪ ವೈರು ಕಿತ್ತ. ನಾಳೆಯೇ ಹುಡುಕಿ ಹೇಳುತ್ತೇನೆ ಅಂದ. "ನಾನ ಬರ್ತೀನಿ" ಎಂದು ಆಕೆ ಎದ್ದುಹೋದಳು.

ಅಂಗಡಿಗೆ ಬೀಗ ಹಾಕಿ ನಾವಿಬ್ಬರೂ ಗಚ್ಚಿಬೌಲಿಗೆ ಹೋದೆವು. ಪಾಯ ಅಗೆಯುವ ಕಡೆ ಹೊಸ ಗುಂಪಿತ್ತು, ಅಂಬಣ್ಣನ ಗುಂಪನ್ನು ಬೇರೆ ಕಡೆ ಸಾಗಿಸಿದ್ದರು. ಒಂದು ಮೂಲೆಯ ಗುಂಡಿಗೆ ಮಾತ್ರ ಯಾರೂ ಇಳಿಯುತ್ತಿರಲಿಲ್ಲ. ಅಡುಗೆ ಮಾಡುವ ಕೃಷ್ಣಾಬಾಯಿ ನಮ್ಮ ಭಾಷೆ ಕೇಳಿ ಹತ್ತಿರ ಬಂದಳು. ಸೆರಗು ಬಾಯಿಗೆ ಅಡ್ಡ ಹಿಡಿದು ಹೇಳಿದಳು: ಅಂಬಣ್ಣ ನಾಂಪಲ್ಲಿಯಿಂದ ವಾಪಸ್ ಬಂದ ಮಾರನೆಯ ದಿನವೇ ಬದಿಯ ಮಣ್ಣು ಕುಸಿದು ಅವನ ಮೇಲೆ ಬಿತ್ತು. ಹೆಣ ಆಸ್ಪತ್ರೆಯಲ್ಲಿ ಹೆಸರಿಲ್ಲದೆ ಬಿದ್ದಿದೆ. ಬಾಯಿ ಬಿಟ್ಟವರಿಗೆ ಕೆಲಸವಿಲ್ಲ ಎಂದು ಮೇಸ್ತ್ರಿ ಹೇಳಿದ್ದಾನೆ.

ಸೂಗಪ್ಪ ಅಲ್ಲೇ ಕುಕ್ಕುರುಗಾಲಲ್ಲಿ ಕುಳಿತ. ಹಿಂದಿನ ವಾರ ಬಂಡೆಮ್ಮ ಧೈರ್ಯ ಬಂತು ಎಂದಾಗಲೇ ಅಂಬಣ್ಣ ಸತ್ತಿದ್ದ. ಅದು ಅವನಿಗೂ ಹೊಳೆಯಿತು, ನನಗೂ ಹೊಳೆಯಿತು.

ಬಂಡೆಮ್ಮ ಮರುದಿನ ಮಧ್ಯಾಹ್ನ ಬಂದಳು. ಸೂಗಪ್ಪ ಅವಳ ಕಾಲ ಬಳಿ ಕೂತು ಎಲ್ಲ ಹೇಳಿದ, ವೈರಿನ ಸಂಗತಿಯನ್ನೂ ಮುಚ್ಚಿಡಲಿಲ್ಲ. ಆಕೆ ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಸೂಗಪ್ಪನ ಎದೆ ಹಗುರಾಗುತ್ತಿತ್ತು ಅನ್ನಿಸಿತು ನನಗೆ.

"ದವಾಖಾನಿಗೆ ಹೋಗೂದರೊಳಗ ಒಮ್ಮಿ ಹಚ್ಚು" ಅಂದಳು.

"ಬ್ಯಾಡ ಯವ್ವಾ."

"ರಿಕಾರ್ಡ್ ಅಂತ ಈಗ ಗೊತ್ತಾತಲ್ಲ. ಹಚ್ಚು."

ಸೂಗಪ್ಪ ಹಚ್ಚಿದ. ಆರಾಮ ಅದೀಯೇನವ್ವ ಎಂದು ಅಂಬಣ್ಣ ಕೇಳಿ, ಕಲಿಸಿಕೊಟ್ಟಂತೆ ಒಂದು ಉಸಿರು ಕಾದ. ಬಂಡೆಮ್ಮ ತುಟಿ ಬಿಗಿಹಿಡಿದು ಕೂತಿದ್ದಳು. ಊಟ ಆತೇನವ್ವ ಎಂದ. "ಆತಪ್ಪ" ಎಂದುಬಿಟ್ಟಳು. ಹಿಂದಿನ ದಿನದಿಂದ ಆಕೆ ಏನೂ ತಿಂದಿರಲಿಲ್ಲ.

ನಾ ಆರಾಮ ಅದೀನಿ, ಚಿಂತಿ ಮಾಡಬ್ಯಾಡ ಎಂದಿತು ದನಿ. ಹಲ್ಲಿ ನುಡಿಯಿತು. ಬಂಡೆಮ್ಮನ ಬೆರಳು ತಾನಾಗಿಯೇ ಟೇಬಲ್ಲಿನ ಕಡೆ ಎದ್ದಿತು, ಎದ್ದದ್ದು ಅಲ್ಲೇ ನಿಂತಿತು. ಕಂಪ್ಯೂಟರಿನೊಳಗೆ ಅಂಬಣ್ಣ ಮೂರು ಸಲ ಕುಟ್ಟಿ ಖರೆ, ಖರೆ ಅಂದ.